ಭಾರತದ ವನಿತೆಯರು ಏಷ್ಯನ್ ಕಪ್‌ಗೆ ‘ಅರ್ಹತೆ’ ಪಡೆದದ್ದು ಹೇಗೆ? ಫಾರ್ವರ್ಡ್ ಮಾಡುವ ಮುನ್ನ ತಿಳಿಯಬೇಕಾದ ಲೆಕ್ಕ

“ಭಾರತದ ಮಹಿಳಾ ಫುಟ್‌ಬಾಲ್ ತಂಡ ವಿಶ್ವಕಪ್‌ಗೆ ಅರ್ಹತೆ ಪಡೆದಿದೆ. ಇತಿಹಾಸದಲ್ಲೇ ಮೊದಲು! ಯಾವ ಚಾನೆಲ್ಲೂ ತೋರಿಸಲ್ಲ. ಹೆಮ್ಮೆ ಇದ್ದರೆ ಹತ್ತು ಜನಕ್ಕೆ ಕಳಿಸಿ.” ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೆ ಬಂದರೆ ಏನು ಮಾಡುತ್ತೀರಿ? ಒಳ್ಳೆಯ ಸುದ್ದಿ ತಾನೇ, ಕಳಿಸಿದರೆ ತಪ್ಪೇನು ಎಂದು ಬೆರಳು ಒತ್ತಿಬಿಡುವವರೇ ಹೆಚ್ಚು.

ಈ ಮಾತಿನಲ್ಲಿ ಒಂದಿಷ್ಟು ನಿಜವಿದೆ. 2025ರ ಜುಲೈ 5ರಂದು ಭಾರತದ ಮಹಿಳಾ ತಂಡ ನಿಜಕ್ಕೂ ದೊಡ್ಡದೊಂದನ್ನು ಸಾಧಿಸಿತು. ಆದರೆ ಅರ್ಹತೆ ಸಿಕ್ಕಿದ್ದು ವಿಶ್ವಕಪ್‌ಗಲ್ಲ, ಎಎಫ್‌ಸಿ ಮಹಿಳಾ ಏಷ್ಯನ್ ಕಪ್‌ಗೆ. ‘ಇತಿಹಾಸದಲ್ಲೇ ಮೊದಲು’ ಎನ್ನುವುದೂ ಒಂದು ಅರ್ಥದಲ್ಲಿ ಸರಿ, ಇನ್ನೊಂದು ಅರ್ಥದಲ್ಲಿ ತಪ್ಪು. ಈ ವ್ಯತ್ಯಾಸ ತಿಳಿಯದೆ ಹೊಗಳಿದರೆ, ಆ ಹುಡುಗಿಯರು ನಿಜವಾಗಿ ಮಾಡಿದ್ದೇನು ಎಂಬುದೇ ಮರೆಯಾಗಿಬಿಡುತ್ತದೆ.

ಹಾಗಾದರೆ ಒಂದು ದೇಶದ ತಂಡ ಏಷ್ಯಾದ ಅತಿದೊಡ್ಡ ಮಹಿಳಾ ಟೂರ್ನಿಗೆ ಪ್ರವೇಶ ಪಡೆಯುವುದು ಹೇಗೆ? ಯಾರಿಗೆ ನೇರ ಪ್ರವೇಶ? ಯಾರು ಆಡಿ ಗೆಲ್ಲಬೇಕು? ಇಬ್ಬರಿಗೂ ಒಂದೇ ಅಂಕ ಬಂದರೆ ಏನಾಗುತ್ತದೆ? ಒಂದೊಂದಾಗಿ ನೋಡೋಣ.

ಮೊದಲಿಗೆ, ಇದು ಯಾವ ಟೂರ್ನಿ?

ಫುಟ್‌ಬಾಲ್‌ನಲ್ಲಿ ಇಡೀ ಜಗತ್ತಿಗೆ ಫಿಫಾ ಇದ್ದಂತೆ, ಏಷ್ಯಾಕ್ಕೆ ಏಷ್ಯನ್ ಫುಟ್‌ಬಾಲ್ ಒಕ್ಕೂಟ, ಅಂದರೆ ಎಎಫ್‌ಸಿ ಇದೆ. ಇದರಲ್ಲಿ 47 ಸದಸ್ಯ ಸಂಸ್ಥೆಗಳಿವೆ. ಈ ಒಕ್ಕೂಟ ನಡೆಸುವ ಮಹಿಳೆಯರ ಖಂಡಮಟ್ಟದ ಚಾಂಪಿಯನ್‌ಷಿಪ್ಪೇ ಮಹಿಳಾ ಏಷ್ಯನ್ ಕಪ್. ಮೊದಲ ಟೂರ್ನಿ ನಡೆದದ್ದು 1975ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಆಗ ಅದನ್ನು ನಡೆಸುತ್ತಿದ್ದದ್ದು ಏಷ್ಯನ್ ಮಹಿಳಾ ಫುಟ್‌ಬಾಲ್‌ಗೆಂದೇ ಇದ್ದ ಬೇರೊಂದು ಸಂಸ್ಥೆ. 1986ರಲ್ಲಿ ಆ ಸಂಸ್ಥೆ ಎಎಫ್‌ಸಿಯೊಳಗೆ ಸೇರಿತು.

2018ರ ಟೂರ್ನಿಯಲ್ಲಿ ಆಡಿದ್ದು ಬರೀ 8 ತಂಡಗಳು. 2022ರಲ್ಲಿ ಆ ಸಂಖ್ಯೆ 12ಕ್ಕೆ ಏರಿತು. 2026ರ ಟೂರ್ನಿಗೂ 12 ತಂಡಗಳೇ. ಮಾರ್ಚ್ 1ರಿಂದ 21ರವರೆಗೆ ಆಸ್ಟ್ರೇಲಿಯಾದ ಪರ್ತ್, ಸಿಡ್ನಿ ಮತ್ತು ಗೋಲ್ಡ್ ಕೋಸ್ಟ್‌ನಲ್ಲಿ ಅದು ನಿಗದಿಯಾಗಿತ್ತು.

ಇಲ್ಲೊಂದು ಪ್ರಶ್ನೆ ಸಹಜ. ಆಸ್ಟ್ರೇಲಿಯಾ ಏಷ್ಯಾ ಖಂಡದಲ್ಲೇ ಇಲ್ಲವಲ್ಲ? ಭೂಗೋಳದ ಪಾಠದಲ್ಲಿ ಇಲ್ಲ, ಆದರೆ ಫುಟ್‌ಬಾಲ್‌ನ ಲೆಕ್ಕದಲ್ಲಿ ಇದೆ. ಓಷಿಯಾನಿಯಾ ಒಕ್ಕೂಟದಲ್ಲಿದ್ದ ಆಸ್ಟ್ರೇಲಿಯಾ 2006ರಲ್ಲಿ ಎಎಫ್‌ಸಿಗೆ ಬಂತು. 2010ರಲ್ಲಿ ಮಹಿಳಾ ಏಷ್ಯನ್ ಕಪ್ಪನ್ನೂ ಗೆದ್ದುಕೊಂಡಿತು. ಆದ್ದರಿಂದ “ಏಷ್ಯನ್ ಕಪ್ ಆಸ್ಟ್ರೇಲಿಯಾದಲ್ಲಂತೆ, ಸುಳ್ಳು ಸುದ್ದಿ” ಎಂದು ಯಾರಾದರೂ ನಕ್ಕರೆ ಅದು ಸುಳ್ಳಲ್ಲ ಎಂದು ತಿಳಿಸಿ.

12 ಸೀಟು, ನಾಲ್ಕು ಮೊದಲೇ ರಿಸರ್ವ್

ಬಸ್ಸಿನಲ್ಲಿ ಕೆಲವು ಸೀಟು ಮೊದಲೇ ಕಾಯ್ದಿರಿಸಿರುವಂತೆ ಈ ಟೂರ್ನಿಯಲ್ಲೂ ನಾಲ್ಕು ಸ್ಥಾನಗಳಿಗೆ ಅರ್ಹತಾ ಪಂದ್ಯ ಇರಲಿಲ್ಲ.

ಒಂದು ಸ್ಥಾನ ಆತಿಥೇಯ ದೇಶಕ್ಕೆ, ಅಂದರೆ ಆಸ್ಟ್ರೇಲಿಯಾಕ್ಕೆ. ಉಳಿದ ಮೂರು ಹಿಂದಿನ ಟೂರ್ನಿಯ ಮೊದಲ ಮೂರು ಸ್ಥಾನದವರಿಗೆ. 2022ರಲ್ಲಿ ಚೀನಾ ಚಾಂಪಿಯನ್, ದಕ್ಷಿಣ ಕೊರಿಯಾ ರನ್ನರ್ ಅಪ್. ಸೆಮಿಫೈನಲ್‌ನಲ್ಲಿ ಸೋತ ಇಬ್ಬರಲ್ಲಿ ಜಪಾನ್‌ಗೆ ಮೂರನೇ ಸ್ಥಾನ ದಕ್ಕಿತು. ಈ ಮೂರೂ ತಂಡಗಳು ನೇರವಾಗಿ 2026ರ ಟೂರ್ನಿಗೆ ಬಂದವು.

ಸೆಮಿಫೈನಲ್ ತಲುಪಿದ್ದ ನಾಲ್ಕನೇ ತಂಡ ಫಿಲಿಪ್ಪೀನ್ಸ್. ಅದೇ ಸಾಧನೆಯಿಂದ 2023ರ ವಿಶ್ವಕಪ್‌ನಲ್ಲಿ ಆಡಿದ ತಂಡ ಅದು. ಆದರೂ ಏಷ್ಯನ್ ಕಪ್‌ಗೆ ನೇರ ಪ್ರವೇಶ ಸಿಗಲಿಲ್ಲ. ಅರ್ಹತಾ ಸುತ್ತಿನ ಸಾಲಿನಲ್ಲಿ ಎಲ್ಲರಂತೆ ನಿಂತು, ಆಡಿ, ಗೆದ್ದೇ ಬರಬೇಕಾಯಿತು. ಮೂರನೇ ಸ್ಥಾನಕ್ಕೂ ನಾಲ್ಕನೇ ಸ್ಥಾನಕ್ಕೂ ನಡುವೆ ಇರುವ ಅಂತರ ಇದು.

ಇನ್ನು ಉತ್ತರ ಕೊರಿಯಾ. 2001, 2003 ಮತ್ತು 2008ರ ಚಾಂಪಿಯನ್ ತಂಡ. ಆದರೆ 2022ರ ಟೂರ್ನಿಯಲ್ಲಿ ಅದು ಆಡಿರಲಿಲ್ಲ. ಆಡದವರಿಗೆ ಹಿಂದಿನ ಟೂರ್ನಿಯ ಸ್ಥಾನವೂ ಇಲ್ಲ, ನೇರ ಪ್ರವೇಶವೂ ಇಲ್ಲ. ಹಳೆಯ ಹೆಸರಿಗೆ ಇಲ್ಲಿ ರಿಯಾಯಿತಿ ಸಿಗುವುದಿಲ್ಲ.

ಉಳಿದ ಎಂಟು ಸೀಟಿಗೆ 34 ತಂಡಗಳು

ಹೀಗೆ ಉಳಿದದ್ದು 8 ಸ್ಥಾನ. ಅದಕ್ಕೆ ಹೆಸರು ಕೊಟ್ಟದ್ದು 34 ತಂಡಗಳು. ಇವನ್ನು 8 ಗುಂಪುಗಳಾಗಿ ಹಂಚಲಾಯಿತು. ಆರು ಗುಂಪುಗಳಲ್ಲಿ ತಲಾ ನಾಲ್ಕು ತಂಡ, ಎರಡು ಗುಂಪುಗಳಲ್ಲಿ ತಲಾ ಐದು ತಂಡ. 2025ರ ಜೂನ್ 23ರಿಂದ ಜುಲೈ 19ರ ನಡುವೆ ಈ ಪಂದ್ಯಗಳು ನಡೆದವು.

ಹಂಚುವುದು ಕಣ್ಣುಮುಚ್ಚಿ ಚೀಟಿ ಎತ್ತಿದಂತಲ್ಲ. ಹಾಗೆ ಮಾಡಿದರೆ ಬಲಿಷ್ಠರೆಲ್ಲ ಒಂದೇ ಗುಂಪಿಗೆ ಬಿದ್ದು, ಇನ್ನೊಂದು ಗುಂಪು ತೀರಾ ಸುಲಭವಾಗಬಹುದು. ಅದಕ್ಕಾಗಿ ಮೊದಲು ಫಿಫಾ ರ‍್ಯಾಂಕಿಂಗ್ ನೋಡಿ ತಂಡಗಳನ್ನು ಬಲದ ಪ್ರಕಾರ ‘ಪಾಟ್’ಗಳಿಗೆ ಹಾಕುತ್ತಾರೆ. ಅತಿ ಬಲಿಷ್ಠ ಎಂಟು ಮೊದಲ ಪಾಟ್‌ಗೆ, ನಂತರದ ಎಂಟು ಎರಡನೆಯದಕ್ಕೆ, ಹೀಗೆ. ಆಮೇಲೆ ಪ್ರತಿ ಪಾಟ್‌ನಿಂದ ಒಂದೊಂದು ತಂಡ ಎತ್ತಿ ಒಂದೊಂದು ಗುಂಪಿಗೆ ಹಾಕುತ್ತಾರೆ. ಭಾರತ ಇದ್ದದ್ದು ಎರಡನೇ ಪಾಟ್‌ನಲ್ಲಿ. ಎರಡನೇ ಪಾಟ್‌ನಲ್ಲಿ ಇರುವುದೆಂದರೆ, ನಿಮ್ಮ ಗುಂಪಿನಲ್ಲಿ ಕಾಗದದ ಮೇಲೆ ನಿಮಗಿಂತ ಬಲಿಷ್ಠ ತಂಡವೊಂದು ಇದ್ದೇ ಇರುತ್ತದೆ ಎಂದರ್ಥ. ಭಾರತಕ್ಕೆ ಸಿಕ್ಕಿದ್ದು ಥಾಯ್ಲೆಂಡ್.

ಈಗ ಅತಿ ಮುಖ್ಯವಾದ ನಿಯಮ. ಪ್ರತಿ ಗುಂಪಿನಿಂದ ಮೊದಲ ಸ್ಥಾನ ಪಡೆದ ಒಂದೇ ತಂಡಕ್ಕೆ ಪ್ರವೇಶ. ಎರಡನೇ ಸ್ಥಾನಕ್ಕೆ ಏನೂ ಇಲ್ಲ. ‘ಎರಡನೇ ಸ್ಥಾನ ಪಡೆದವರಲ್ಲಿ ಉತ್ತಮರು’ ಎಂಬ ಹಿಂಬಾಗಿಲೂ ಇಲ್ಲ. ಇನ್ನೊಂದು ಪ್ಲೇಆಫ್ ಕೂಡ ಇಲ್ಲ. ನಾಲ್ಕು ಪಂದ್ಯದಲ್ಲಿ ಮೂರು ಗೆದ್ದು, ಒಂದನ್ನು ಸೋತರೂ ಮನೆಗೆ ಹೋಗಬೇಕಾಗಬಹುದು.

ಜೊತೆಗೆ, ಒಂದು ಗುಂಪಿನ ಎಲ್ಲ ಪಂದ್ಯಗಳೂ ಒಂದೇ ದೇಶದಲ್ಲಿ, ಎರಡು ವಾರದೊಳಗೆ ಮುಗಿಯುತ್ತವೆ. ಪುರುಷರ ಅರ್ಹತಾ ಪಂದ್ಯಗಳಲ್ಲಿ ಸಾಮಾನ್ಯವಾಗಿ ಎದುರಾಳಿಯ ಊರಲ್ಲೊಮ್ಮೆ, ನಮ್ಮ ಊರಲ್ಲೊಮ್ಮೆ ಆಡುವ ಪದ್ಧತಿ ಇದೆ. ಅಲ್ಲಿ ಸೋತರೆ ಇಲ್ಲಿ ತೀರಿಸಿಕೊಳ್ಳಬಹುದು. ಮಹಿಳೆಯರ ಈ ಸುತ್ತಿನಲ್ಲಿ ಪ್ರತಿ ಎದುರಾಳಿಯ ಜೊತೆ ಒಂದೇ ಪಂದ್ಯ. ಎಡವಿದರೆ ತಿದ್ದಿಕೊಳ್ಳಲು ಎರಡನೇ ಪಂದ್ಯವಿಲ್ಲ.

ಅಂಕ ಸಮವಾದರೆ ಯಾರು?

ಗೆದ್ದರೆ 3 ಅಂಕ, ಡ್ರಾ ಆದರೆ 1, ಸೋತರೆ 0. ಇದು ಎಲ್ಲರಿಗೂ ಗೊತ್ತಿರುವುದೇ. ಎರಡು ತಂಡಗಳ ಅಂಕ ಒಂದೇ ಆದರೆ ಲೆಕ್ಕ ಮುಖ್ಯವಾಗಿ ಈ ಕ್ರಮದಲ್ಲಿ ಸಾಗುತ್ತದೆ:

1. ಆ ಎರಡು ತಂಡಗಳು ಪರಸ್ಪರ ಆಡಿದ ಪಂದ್ಯದಲ್ಲಿ ಗೆದ್ದವರು ಯಾರು?
2. ಅದೂ ಡ್ರಾ ಆಗಿದ್ದರೆ, ಗುಂಪಿನ ಎಲ್ಲ ಪಂದ್ಯಗಳ ಗೋಲು ವ್ಯತ್ಯಾಸ, ಅಂದರೆ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದರೆ ಉಳಿಯುವುದು ಯಾರಿಗೆ ಹೆಚ್ಚು?
3. ಅದೂ ಸಮವಾದರೆ, ಒಟ್ಟು ಹೊಡೆದ ಗೋಲು ಯಾರದು ಹೆಚ್ಚು?
4. ಅದೂ ಸಮವಾಗಿದ್ದು, ಆ ಎರಡು ತಂಡಗಳು ಕೊನೆಯ ಪಂದ್ಯದಲ್ಲಿ ಮುಖಾಮುಖಿಯಾಗಿದ್ದರೆ, ಅಲ್ಲೇ ಪೆನಾಲ್ಟಿ ಶೂಟೌಟ್.

ಓದಲು ಒಣ ನಿಯಮ ಅನ್ನಿಸಬಹುದು. ಆದರೆ ಇದರಿಂದ ತಂಡಗಳ ವರ್ಷಗಟ್ಟಲೆ ದುಡಿಮೆ ಮಣ್ಣುಪಾಲಾಗಿದೆ. ಎರಡು ಉದಾಹರಣೆ ನೋಡಿ.

2018ರ ಟೂರ್ನಿಗಾಗಿ 2017ರ ಏಪ್ರಿಲ್‌ನಲ್ಲಿ ಉತ್ತರ ಕೊರಿಯಾದ ರಾಜಧಾನಿ ಪ್ಯಾಂಗ್ಯಾಂಗ್‌ನಲ್ಲಿ ಒಂದು ಗುಂಪಿನ ಪಂದ್ಯಗಳು ನಡೆದವು. ಆ ಗುಂಪಿನಲ್ಲಿ ಉತ್ತರ ಕೊರಿಯಾ, ದಕ್ಷಿಣ ಕೊರಿಯಾ, ಉಜ್ಬೇಕಿಸ್ತಾನ, ಹಾಂಗ್‌ಕಾಂಗ್ ಜೊತೆಗೆ ಭಾರತವೂ ಇತ್ತು. ಎರಡು ಕೊರಿಯಾಗಳ ನಡುವಿನ ಪಂದ್ಯ 1–1 ಡ್ರಾ. ಉಳಿದ ಎಲ್ಲ ಪಂದ್ಯಗಳನ್ನು ಇಬ್ಬರೂ ಗೆದ್ದರು. ಅಂಕ ಸಮ, ಪರಸ್ಪರ ಪಂದ್ಯವೂ ಸಮ. ಕೊನೆಗೆ ಗೋಲು ವ್ಯತ್ಯಾಸದಲ್ಲಿ ದಕ್ಷಿಣ ಕೊರಿಯಾ ಮುಂದೆ ಹೋಯಿತು. ತನ್ನದೇ ನೆಲದಲ್ಲಿ, ತನ್ನದೇ ಪ್ರೇಕ್ಷಕರ ಮುಂದೆ, ಒಂದೂ ಪಂದ್ಯ ಸೋಲದೆ, ಮೂರು ಬಾರಿಯ ಚಾಂಪಿಯನ್ ಹೊರಬಿತ್ತು. ಆ ವ್ಯತ್ಯಾಸದಲ್ಲಿ ನಮ್ಮ ಪಾಲೂ ಇತ್ತು. ದಕ್ಷಿಣ ಕೊರಿಯಾ ಭಾರತವನ್ನು 10–0 ಅಂತರದಿಂದ ಸೋಲಿಸಿದರೆ, ಉತ್ತರ ಕೊರಿಯಾ ಸೋಲಿಸಿದ್ದು 8–0 ಅಂತರದಿಂದ.

ಎರಡನೆಯದು 2025ರದ್ದು. ಉಜ್ಬೇಕಿಸ್ತಾನದ ತಾಷ್ಕೆಂಟ್‌ನಲ್ಲಿ ನೇಪಾಳ ಮತ್ತು ಉಜ್ಬೇಕಿಸ್ತಾನ ಕೊನೆಯ ಪಂದ್ಯದಲ್ಲಿ ಎದುರಾದವು. ಪಂದ್ಯ 3–3. ಮೇಲೆ ಹೇಳಿದ ಲೆಕ್ಕಗಳಲ್ಲಿ ಯಾವುದರಲ್ಲೂ ಇಬ್ಬರನ್ನು ಬೇರ್ಪಡಿಸಲಾಗದೆ ಪೆನಾಲ್ಟಿ ಶೂಟೌಟ್ ನಡೆಯಿತು. ಉಜ್ಬೇಕಿಸ್ತಾನ ಗೆದ್ದಿತು. ನೇಪಾಳದ ಹುಡುಗಿಯರು ಒಂದೂ ಪಂದ್ಯ ಸೋಲದೆಯೇ ಊರಿಗೆ ಮರಳಿದರು.

ಚಿಯಾಂಗ್ ಮಾಯ್‌ನಲ್ಲಿ 13 ದಿನ

ಈಗ ಭಾರತದ ಕಥೆ. ಗುಂಪು ‘ಬಿ’. ಸ್ಥಳ ಥಾಯ್ಲೆಂಡ್‌ನ ಚಿಯಾಂಗ್ ಮಾಯ್. ಎದುರಾಳಿಗಳು ಮಂಗೋಲಿಯಾ, ಟಿಮೋರ್ ಲೆಸ್ತೆ, ಇರಾಕ್ ಮತ್ತು ಆತಿಥೇಯ ಥಾಯ್ಲೆಂಡ್. ಐದು ತಂಡಗಳ ಗುಂಪಾದ್ದರಿಂದ ಪ್ರತಿ ತಂಡಕ್ಕೂ ನಾಲ್ಕು ಪಂದ್ಯ.

ಜೂನ್ 23ರಂದು ಭಾರತ ಮಂಗೋಲಿಯಾವನ್ನು 13–0 ಅಂತರದಿಂದ ಸೋಲಿಸಿತು. ಪ್ಯಾರಿ ಕ್ಸಾಕ್ಸಾ ಒಬ್ಬರೇ ಐದು ಗೋಲು ಹೊಡೆದರು. ದುರ್ಬಲ ತಂಡದ ಮೇಲೆ ಇಷ್ಟೊಂದು ಗೋಲು ಬೇಕಿತ್ತೇ, ಐದಾರು ಸಾಕಿರಲಿಲ್ಲವೇ ಎಂದು ಅನ್ನಿಸುವುದು ಸಹಜ. ಉತ್ತರ ಕೆಳಗಿನ ಲೆಕ್ಕದಲ್ಲಿದೆ. ಕೊನೆಯ ಪಂದ್ಯಕ್ಕೆ ಮುನ್ನ ಭಾರತ ಮತ್ತು ಥಾಯ್ಲೆಂಡ್ ಎರಡೂ ಉಳಿದ ಮೂರು ತಂಡಗಳ ಜೊತೆ ಆಡಿ ಮುಗಿಸಿದ್ದವು:

• ಮಂಗೋಲಿಯಾ ವಿರುದ್ಧ: ಭಾರತ 13–0, ಥಾಯ್ಲೆಂಡ್ 11–0
• ಟಿಮೋರ್ ಲೆಸ್ತೆ ವಿರುದ್ಧ: ಭಾರತ 4–0, ಥಾಯ್ಲೆಂಡ್ 4–0
• ಇರಾಕ್ ವಿರುದ್ಧ: ಭಾರತ 5–0, ಥಾಯ್ಲೆಂಡ್ 7–0

ಕೂಡಿ ನೋಡಿ. ಭಾರತ 22, ಥಾಯ್ಲೆಂಡ್ 22. ಇಬ್ಬರೂ ಒಂದೂ ಗೋಲು ಬಿಟ್ಟುಕೊಟ್ಟಿಲ್ಲ. ಇಬ್ಬರಿಗೂ 9 ಅಂಕ. ಮೂರು ಪಂದ್ಯ ಮುಗಿದರೂ ಎರಡು ತಂಡಗಳ ನಡುವೆ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ಮಂಗೋಲಿಯಾ ವಿರುದ್ಧ ಭಾರತ 12 ಗೋಲಿಗೆ ನಿಲ್ಲಿಸಿದ್ದರೆ, ಥಾಯ್ಲೆಂಡ್‌ಗೆ ಕೊನೆಯ ಪಂದ್ಯದಲ್ಲಿ ಬರೀ ಡ್ರಾ ಸಾಕಾಗುತ್ತಿತ್ತು. ತವರಿನ ತಂಡ ಗೋಲುಪೆಟ್ಟಿಗೆಯ ಮುಂದೆ ಗೋಡೆ ಕಟ್ಟಿ 90 ನಿಮಿಷ ತಳ್ಳಿಬಿಡಬಹುದಿತ್ತು. ಆ ಹದಿಮೂರನೇ ಗೋಲು ಜಂಬಕ್ಕೆ ಹೊಡೆದದ್ದಲ್ಲ. ಡ್ರಾ ಆದರೆ ಶೂಟೌಟ್ ಎನ್ನುವ ಸಮಬಲದ ಸ್ಥಿತಿಗೆ ಪಂದ್ಯವನ್ನು ತಂದದ್ದು ಅದೇ.

ಜುಲೈ 5ರಂದು ಆ ಕೊನೆಯ ಪಂದ್ಯ. ಥಾಯ್ಲೆಂಡ್ ಆಗ ಫಿಫಾ ರ‍್ಯಾಂಕಿಂಗ್‌ನಲ್ಲಿ 46ನೇ ಸ್ಥಾನದಲ್ಲಿತ್ತು, ಭಾರತ 70ರಲ್ಲಿ. ಥಾಯ್ಲೆಂಡ್ 2015 ಮತ್ತು 2019ರ ವಿಶ್ವಕಪ್ ಆಡಿದ ತಂಡ. 29ನೇ ನಿಮಿಷದಲ್ಲಿ ಮಿಡ್‌ಫೀಲ್ಡರ್ ಸಂಗೀತಾ ಬಾಸ್ಫೋರ್ ಭಾರತಕ್ಕೆ ಮುನ್ನಡೆ ಕೊಟ್ಟರು. ವಿರಾಮದ ಬಳಿಕ ಥಾಯ್ಲೆಂಡ್ ಸಮ ಮಾಡಿಕೊಂಡಿತು. 74ನೇ ನಿಮಿಷದಲ್ಲಿ ಮತ್ತೆ ಸಂಗೀತಾ. 2–1. ಕ್ರಿಸ್ಪಿನ್ ಛೆಟ್ರಿ ತರಬೇತಿಯ ಭಾರತ ತಂಡ ನಾಲ್ಕಕ್ಕೆ ನಾಲ್ಕೂ ಗೆದ್ದು 12 ಅಂಕದೊಂದಿಗೆ ಆಸ್ಟ್ರೇಲಿಯಾದ ಟಿಕೆಟ್ ಪಡೆಯಿತು. ಥಾಯ್ಲೆಂಡ್ ಮೂರು ಪಂದ್ಯ ಗೆದ್ದು, 23 ಗೋಲು ಹೊಡೆದು, ಎರಡೇ ಎರಡು ಗೋಲು ಬಿಟ್ಟುಕೊಟ್ಟು ಹೊರಬಿತ್ತು.

ಈ ಪ್ರಯಾಣಕ್ಕೂ ಬೆಂಗಳೂರಿಗೂ ಒಂದು ನಂಟಿದೆ. ಅರ್ಹತಾ ಸುತ್ತಿಗೆ ಹೊರಡುವ ಮುನ್ನ ತಂಡ ಅಭ್ಯಾಸ ನಡೆಸಿದ್ದು ಬೆಂಗಳೂರಿನ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರದಲ್ಲಿ. ಉಜ್ಬೇಕಿಸ್ತಾನದ ಜೊತೆ ಎರಡು ಸ್ನೇಹಪರ ಪಂದ್ಯಗಳನ್ನೂ ಇಲ್ಲೇ ಆಡಿತ್ತು.

ತವರು ನೆಲ, ರ‍್ಯಾಂಕಿಂಗ್: ಇವೇ ಗೆಲ್ಲಿಸುತ್ತವೆಯೇ?

“ತವರಲ್ಲಿ ಆಡುವವರಿಗೇ ಎಲ್ಲ ಅನುಕೂಲ, ಫಲಿತಾಂಶ ಮೊದಲೇ ನಿರ್ಧಾರ” ಎನ್ನುವ ಮಾತು ಕ್ರೀಡೆಯ ಚರ್ಚೆಗಳಲ್ಲಿ ಆಗಾಗ ಬರುತ್ತದೆ. ಈ ಸುತ್ತಿನಲ್ಲೇ ಅದನ್ನು ಪರೀಕ್ಷಿಸಬಹುದು. ಎಂಟು ಗುಂಪುಗಳಿಗೆ ಆತಿಥ್ಯ ವಹಿಸಿದ್ದು ಜೋರ್ಡಾನ್, ಥಾಯ್ಲೆಂಡ್, ಮ್ಯಾನ್ಮಾರ್, ಇಂಡೋನೇಷ್ಯಾ, ವಿಯೆಟ್ನಾಂ, ಉಜ್ಬೇಕಿಸ್ತಾನ, ಕಾಂಬೋಡಿಯಾ ಮತ್ತು ತಜಿಕಿಸ್ತಾನ. ಅರ್ಹತೆ ಪಡೆದದ್ದು ಇರಾನ್, ಭಾರತ, ಬಾಂಗ್ಲಾದೇಶ, ಚೈನೀಸ್ ತೈಪೆ, ವಿಯೆಟ್ನಾಂ, ಉಜ್ಬೇಕಿಸ್ತಾನ, ಫಿಲಿಪ್ಪೀನ್ಸ್ ಮತ್ತು ಉತ್ತರ ಕೊರಿಯಾ. ಎರಡೂ ಪಟ್ಟಿಯಲ್ಲಿರುವ ಹೆಸರು ಎರಡೇ: ವಿಯೆಟ್ನಾಂ ಮತ್ತು ಉಜ್ಬೇಕಿಸ್ತಾನ. ಅದರಲ್ಲೂ ಉಜ್ಬೇಕಿಸ್ತಾನಕ್ಕೆ ಪೆನಾಲ್ಟಿವರೆಗೂ ಹೋಗಬೇಕಾಯಿತು. ತವರು ನೆಲದಿಂದ ಅನುಕೂಲ ಇರಬಹುದು, ಗ್ಯಾರಂಟಿ ಇಲ್ಲ.

ರ‍್ಯಾಂಕಿಂಗ್ ಕಥೆಯೂ ಹಾಗೆಯೇ. ಅತಿ ದೊಡ್ಡ ಅಚ್ಚರಿ ಮ್ಯಾನ್ಮಾರ್‌ನ ಯಾಂಗೋನ್‌ನಲ್ಲಿ ನಡೆಯಿತು. 128ನೇ ರ‍್ಯಾಂಕಿನ ಬಾಂಗ್ಲಾದೇಶ 55ನೇ ರ‍್ಯಾಂಕಿನ ಮ್ಯಾನ್ಮಾರನ್ನು ಅದರದೇ ಊರಲ್ಲಿ 2–1ರಿಂದ ಸೋಲಿಸಿತು. ಎರಡೂ ಗೋಲು ರಿತುಪರ್ಣಾ ಚಕ್ಮಾ ಅವರದು. ಬಾಂಗ್ಲಾದೇಶ ಈ ಟೂರ್ನಿಗೆ ಅರ್ಹತೆ ಪಡೆದದ್ದು ಇದೇ ಮೊದಲು.

ಆದರೂ ರ‍್ಯಾಂಕಿಂಗ್ ಕೆಲಸಕ್ಕೆ ಬಾರದ್ದಲ್ಲ. ನೀವು ಯಾವ ಪಾಟ್‌ನಲ್ಲಿ ಇರುತ್ತೀರಿ, ನಿಮ್ಮ ಗುಂಪಿಗೆ ಯಾರು ಬರುತ್ತಾರೆ ಎಂಬುದನ್ನು ನಿರ್ಧರಿಸುವುದೇ ಅದು. 2017ರಲ್ಲಿ ಎರಡೂ ಕೊರಿಯಾಗಳು ಇದ್ದ ಗುಂಪಿಗೆ ಬಿದ್ದ ಭಾರತಕ್ಕೆ ಅರ್ಹತೆ ಕನಸಾಗಿಯೇ ಉಳಿದಿತ್ತು. ಗುಂಪು ಸುಲಭವೋ ಕಠಿಣವೋ ಎನ್ನುವುದು ಅರ್ಧ ದಾರಿ. ಇನ್ನರ್ಧ ಮೈದಾನದಲ್ಲಿ.

‘ಇತಿಹಾಸದಲ್ಲೇ ಮೊದಲು’: ನಿಜವೆಷ್ಟು?

ಇಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು.

ಮೊದಲನೆಯದು, ಭಾರತಕ್ಕೆ ಏಷ್ಯನ್ ಕಪ್ ಹೊಸದಲ್ಲ. 1979ರ ಟೂರ್ನಿ ಕೇರಳದ ಕೋಯಿಕ್ಕೋಡ್‌ನಲ್ಲಿ ನಡೆದಾಗ ಭಾರತ ಫೈನಲ್ ತಲುಪಿ ರನ್ನರ್ ಅಪ್ ಆಗಿತ್ತು. 1981ರಲ್ಲಿ ಮೂರನೇ ಸ್ಥಾನ. 1983ರಲ್ಲಿ ಮತ್ತೆ ರನ್ನರ್ ಅಪ್. “ನಮ್ಮ ಹೆಣ್ಣುಮಕ್ಕಳು ಈಗಷ್ಟೇ ಫುಟ್‌ಬಾಲ್ ಆಡಲು ಶುರುಮಾಡಿದ್ದಾರೆ” ಎನ್ನುವ ಸಂದೇಶ ಆ ಹಿರಿಯ ಆಟಗಾರ್ತಿಯರ ಸಾಧನೆಯನ್ನೇ ಅಳಿಸಿಹಾಕುತ್ತದೆ.

ಎರಡನೆಯದು, 2003ರ ನಂತರ 2025ರವರೆಗೆ ಭಾರತ ಪೂರ್ತಿಯಾಗಿ ಆಡಿದ ಏಷ್ಯನ್ ಕಪ್ ಒಂದೂ ಇರಲಿಲ್ಲ. 2022ರಲ್ಲಿ ಆತಿಥೇಯ ದೇಶವಾಗಿ ನೇರ ಪ್ರವೇಶ ಸಿಕ್ಕಿತ್ತು. ಜನವರಿ 20ರಂದು ಇರಾನ್ ವಿರುದ್ಧ 0–0 ಡ್ರಾ. ಮೂರು ದಿನಗಳ ಬಳಿಕ ಚೈನೀಸ್ ತೈಪೆ ವಿರುದ್ಧ ಪಂದ್ಯ. ಅಷ್ಟರಲ್ಲಿ ತಂಡದಲ್ಲಿ ಕೋವಿಡ್ ಹರಡಿತು. ನಿಯಮದ ಪ್ರಕಾರ ಬೇಕಿದ್ದ ಕನಿಷ್ಠ 13 ಆಟಗಾರ್ತಿಯರನ್ನೂ ಹೊಂದಿಸಲಾಗಲಿಲ್ಲ. ಪಂದ್ಯ ನಡೆಯಲಿಲ್ಲ. ಭಾರತ ಟೂರ್ನಿಯಿಂದಲೇ ಹೊರಗೆ. ಇರಾನ್ ವಿರುದ್ಧದ ಫಲಿತಾಂಶವೂ ರದ್ದಾಯಿತು. ಸ್ವಂತ ದೇಶದಲ್ಲಿ ನಡೆದ ಟೂರ್ನಿಯನ್ನು ಆ ಹುಡುಗಿಯರು ಹೊರಗಿನವರಾಗಿ ನೋಡಬೇಕಾಯಿತು.

ಮೂರನೆಯದು, ಇದೇ ಹೊಸದು. ಅರ್ಹತಾ ಸುತ್ತಿನಲ್ಲಿ ಆಡಿ, ಗುಂಪಿನಲ್ಲಿ ಮೊದಲ ಸ್ಥಾನ ಪಡೆದು ಭಾರತದ ವನಿತೆಯರು ಏಷ್ಯನ್ ಕಪ್‌ಗೆ ಬಂದದ್ದು ಇದೇ ಮೊದಲು. ಹಾಗಾಗಿ ಸರಿಯಾದ ವಾಕ್ಯ ಹೀಗಿರಬೇಕು: “ಅರ್ಹತಾ ಸುತ್ತು ಗೆದ್ದು ಭಾರತ ಮೊದಲ ಬಾರಿಗೆ ಮಹಿಳಾ ಏಷ್ಯನ್ ಕಪ್‌ಗೆ ಪ್ರವೇಶಿಸಿದೆ.” ಬರೀ ಮೂರು ಪದ ಹೆಚ್ಚು. ಆದರೆ 2022ರಲ್ಲಿ ಸಿಕ್ಕ ಸೀಟಿಗೂ 2025ರಲ್ಲಿ ಸಂಪಾದಿಸಿದ ಸೀಟಿಗೂ ಇರುವ ವ್ಯತ್ಯಾಸವೆಲ್ಲ ಆ ಮೂರು ಪದದಲ್ಲಿದೆ.

ಹಾಗಾದರೆ ವಿಶ್ವಕಪ್?

ಗೊಂದಲ ಹುಟ್ಟುವುದಕ್ಕೂ ಕಾರಣವಿದೆ. ಏಷ್ಯನ್ ಕಪ್ಪೇ ವಿಶ್ವಕಪ್‌ನ ಅರ್ಹತಾ ಟೂರ್ನಿ ಕೂಡ. 2027ರ ಮಹಿಳಾ ವಿಶ್ವಕಪ್ ಬ್ರೆಜಿಲ್‌ನಲ್ಲಿ. ಏಷ್ಯಾಕ್ಕೆ ಅದರಲ್ಲಿ ಆರು ನೇರ ಸ್ಥಾನಗಳಿವೆ.

12 ತಂಡಗಳನ್ನು ನಾಲ್ಕರಂತೆ ಮೂರು ಗುಂಪು ಮಾಡಲಾಗಿತ್ತು. ಪ್ರತಿ ಗುಂಪಿನ ಮೊದಲ ಇಬ್ಬರು, ಜೊತೆಗೆ ಮೂರನೇ ಸ್ಥಾನ ಪಡೆದವರಲ್ಲಿ ಉತ್ತಮ ಇಬ್ಬರು, ಒಟ್ಟು ಎಂಟು ತಂಡಗಳು ಕ್ವಾರ್ಟರ್‌ಫೈನಲ್‌ಗೆ. ಅಲ್ಲಿ ಗೆದ್ದು ಸೆಮಿಫೈನಲ್ ತಲುಪುವ ನಾಲ್ವರಿಗೆ ವಿಶ್ವಕಪ್ ಟಿಕೆಟ್ ಖಚಿತ. ಸೋತ ನಾಲ್ವರು ಎರಡು ಪ್ಲೇಆಫ್ ಪಂದ್ಯ ಆಡುತ್ತಾರೆ. ಅದರಲ್ಲಿ ಗೆದ್ದ ಇಬ್ಬರಿಗೂ ಟಿಕೆಟ್. ಅಲ್ಲೂ ಸೋತ ಇಬ್ಬರಿಗೆ ಬೇರೆ ಖಂಡಗಳ ತಂಡಗಳ ಜೊತೆ ಇನ್ನೊಂದು ಪ್ಲೇಆಫ್, ಕೊನೆಯ ಅವಕಾಶ.

ಅಂದರೆ ಅರ್ಹತಾ ಸುತ್ತು ಗೆಲ್ಲುವುದು ವಿಶ್ವಕಪ್‌ನ ಬಾಗಿಲಲ್ಲ, ಆ ಬಾಗಿಲಿರುವ ಓಣಿಯ ಪ್ರವೇಶ. 2025ರ ಜುಲೈನಲ್ಲಿ ಸಿಡ್ನಿಯಲ್ಲಿ ನಡೆದ ಡ್ರಾನಲ್ಲಿ ಭಾರತಕ್ಕೆ ಸಿಕ್ಕ ಗುಂಪಿನಲ್ಲಿ ಜಪಾನ್, ವಿಯೆಟ್ನಾಂ ಮತ್ತು ಚೈನೀಸ್ ತೈಪೆ ಇದ್ದವು. ಜಪಾನ್ 2011ರ ವಿಶ್ವ ಚಾಂಪಿಯನ್. ಚೈನೀಸ್ ತೈಪೆ 1979ರ ಫೈನಲ್‌ನಲ್ಲಿ ಭಾರತವನ್ನು ಸೋಲಿಸಿದ ತಂಡ. 2022ರಲ್ಲಿ ಆಡಲಾಗದೆ ಹೋದ ಆ ಪಂದ್ಯದ ಎದುರಾಳಿಯೂ ಅದೇ. ಓಣಿ ಸುಲಭದ್ದಾಗಿರಲಿಲ್ಲ.

ಬೇರೆ ಖಂಡಗಳಲ್ಲಿ ಹೀಗೇ ಇದೆಯೇ?

ಇಲ್ಲ. ದಕ್ಷಿಣ ಅಮೆರಿಕದ ಒಕ್ಕೂಟದಲ್ಲಿ ಇರುವುದೇ 10 ದೇಶಗಳು. ಅಲ್ಲಿನ ಮಹಿಳಾ ಕೋಪಾ ಅಮೆರಿಕದಲ್ಲಿ ಹತ್ತೂ ತಂಡಗಳು ಆಡುತ್ತವೆ, ಅರ್ಹತಾ ಸುತ್ತಿನ ಗೊಡವೆಯೇ ಇಲ್ಲ. ಆಫ್ರಿಕಾದಲ್ಲಿ ಎರಡೆರಡು ತಂಡಗಳು ತಮ್ಮೂರಲ್ಲೊಮ್ಮೆ, ಎದುರಾಳಿಯ ಊರಲ್ಲೊಮ್ಮೆ ಆಡಿ, ಎರಡೂ ಪಂದ್ಯದ ಗೋಲು ಕೂಡಿಸಿ ಗೆದ್ದವರು ಮುಂದೆ ಹೋಗುತ್ತಾರೆ. ಯುರೋಪಿನಲ್ಲಿ ತಿಂಗಳುಗಟ್ಟಲೆ ಲೀಗ್ ಮಾದರಿಯಲ್ಲಿ ತವರು ಮತ್ತು ಹೊರಗಿನ ಪಂದ್ಯಗಳು ನಡೆಯುತ್ತವೆ.

ಏಷ್ಯಾದ ಒಂದೇ ಊರಿನ ಪದ್ಧತಿಗೆ ಒಂದು ಲಾಭವಿದೆ. ಜೋರ್ಡಾನ್‌ನಿಂದ ಜಪಾನ್‌ವರೆಗೆ ಹರಡಿದ ಖಂಡದಲ್ಲಿ ಹಣ ಕಡಿಮೆ ಇರುವ ತಂಡಗಳು ಒಮ್ಮೆ ವಿಮಾನ ಹತ್ತಿದರೆ ಎಲ್ಲ ಪಂದ್ಯ ಮುಗಿಯುತ್ತದೆ. ನಷ್ಟವೂ ಇದೆ. ತವರಿನ ಜನ ತಮ್ಮ ಹುಡುಗಿಯರ ಅತಿ ಮುಖ್ಯ ಪಂದ್ಯವನ್ನು ಮೈದಾನದಲ್ಲಿ ಕೂತು ನೋಡುವ ಅವಕಾಶ ಹೆಚ್ಚಿನ ದೇಶಗಳಿಗೆ ಇಲ್ಲ. ಒಂದು ಕೆಟ್ಟ ದಿನಕ್ಕೆ ಪರಿಹಾರವೂ ಇಲ್ಲ.

ಅರ್ಹತೆ ಶುರುವಾಗುವುದು ಎಲ್ಲಿಂದ?

ಇಷ್ಟೆಲ್ಲ ನೋಡಿದ ಮೇಲೆ ಒಂದು ಮಾತು ಸ್ಪಷ್ಟವಾಗುತ್ತದೆ. ಅರ್ಹತೆ ಶುರುವಾಗುವುದು ಮೊದಲ ಪಂದ್ಯದ ಸೀಟಿಯಿಂದಲ್ಲ. ಪಾಟ್ ನಿರ್ಧರಿಸುವುದು ರ‍್ಯಾಂಕಿಂಗ್. ರ‍್ಯಾಂಕಿಂಗ್ ಬರುವುದು ಆಡಿದ ಪಂದ್ಯಗಳಿಂದ. ಪಂದ್ಯ ಏರ್ಪಡಿಸಬೇಕಾದದ್ದು ಫುಟ್‌ಬಾಲ್ ಸಂಸ್ಥೆಗಳು. ಆಡಿಸದೇ ಇದ್ದರೆ ತಂಡ ಸದ್ದಿಲ್ಲದೆ ಸೋಲುತ್ತದೆ.

ಇದಕ್ಕೆ ನಮ್ಮದೇ ಉದಾಹರಣೆ ಇದೆ. 2009ರಲ್ಲಿ ಭಾರತದ ಮಹಿಳಾ ತಂಡವನ್ನು ಫಿಫಾ ತನ್ನ ರ‍್ಯಾಂಕಿಂಗ್ ಪಟ್ಟಿಯಿಂದಲೇ ಕೈಬಿಟ್ಟಿತ್ತು. ಸೋತದ್ದಕ್ಕಲ್ಲ. 18 ತಿಂಗಳಿಗೂ ಹೆಚ್ಚು ಕಾಲ ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡದೆ ಇದ್ದದ್ದಕ್ಕೆ. ಆಗ ಇಪ್ಪತ್ತರ ಆಸುಪಾಸಿನಲ್ಲಿದ್ದ ಆಟಗಾರ್ತಿಯರ ಅತ್ಯುತ್ತಮ ವರ್ಷಗಳು ಪಂದ್ಯವೇ ಇಲ್ಲದೆ ಕಳೆದುಹೋದವು. ಆ ವರ್ಷಗಳನ್ನು ಯಾವ ಶೂಟೌಟೂ ವಾಪಸ್ ಕೊಡುವುದಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಥಾಯ್ಲೆಂಡ್ ಮೇಲಿನ ಗೆಲುವಿನ ನಂತರ, 2025ರ ಆಗಸ್ಟ್ ಪಟ್ಟಿಯಲ್ಲಿ ಭಾರತ 70ರಿಂದ 63ಕ್ಕೆ ಏರಿತು. ತನಗಿಂತ ಮೇಲಿನ ತಂಡವನ್ನು ಸೋಲಿಸಿದರೆ ಹೆಚ್ಚು ಪಾಯಿಂಟ್ ಸಿಗುವುದೇ ಇದಕ್ಕೆ ಕಾರಣ. ಪಂದ್ಯ ಸಿಕ್ಕರೆ ರ‍್ಯಾಂಕ್, ರ‍್ಯಾಂಕ್ ಸಿಕ್ಕರೆ ಒಳ್ಳೆಯ ಪಾಟ್, ಒಳ್ಳೆಯ ಪಾಟ್ ಸಿಕ್ಕರೆ ಮುಂದಿನ ಅರ್ಹತೆಗೆ ಸ್ವಲ್ಪ ಸಲೀಸಾದ ದಾರಿ. ಇದೊಂದು ಸರಪಳಿ. ಯಾವ ಕೊಂಡಿ ಕಳಚಿದರೂ ಮತ್ತೆ ಮೊದಲಿನಿಂದ.

ಫಾರ್ವರ್ಡ್ ಮಾಡುವ ಮುನ್ನ ನಾಲ್ಕು ಪ್ರಶ್ನೆ

ಭಾರತದ ಯಾವುದೇ ತಂಡ ‘ಅರ್ಹತೆ ಪಡೆದಿದೆ’ ಎಂಬ ಸಂದೇಶ ಬಂದಾಗ ಇಷ್ಟು ನೋಡಿ:

• ಯಾವ ಟೂರ್ನಿಗೆ? ಏಷ್ಯನ್ ಕಪ್, ಏಷ್ಯನ್ ಗೇಮ್ಸ್, ವಿಶ್ವಕಪ್ ಮೂರೂ ಬೇರೆ ಬೇರೆ.
• ಯಾವ ತಂಡ? ಪುರುಷರದೋ, ಮಹಿಳೆಯರದೋ? ಹಿರಿಯರದೋ, 17 ಅಥವಾ 20 ವರ್ಷದೊಳಗಿನವರದೋ? 2027ರ ಪುರುಷರ ಏಷ್ಯನ್ ಕಪ್‌ಗೆ ಭಾರತ ಅರ್ಹತೆ ಪಡೆದಿಲ್ಲ.
• ಯಾವ ದಾರಿಯಿಂದ? ಆತಿಥೇಯರಾಗಿಯೋ, ಆಡಿ ಗೆದ್ದೋ?
• ಯಾವ ವರ್ಷದ ಸುದ್ದಿ? ಹಳೆಯ ಫೋಟೊಗೆ ಹೊಸ ದಿನಾಂಕ ಅಂಟಿಸುವುದು ಒಂದು ನಿಮಿಷದ ಕೆಲಸ.

ಉತ್ತರ ಗೊತ್ತಿಲ್ಲದಿದ್ದರೆ ಎಎಫ್‌ಸಿ ಅಥವಾ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಅಧಿಕೃತ ಪುಟ ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಒಟ್ಟಿನಲ್ಲಿ, ಭಾರತದ ವನಿತೆಯರು ವಿಶ್ವಕಪ್‌ಗೆ ಅರ್ಹತೆ ಪಡೆದರು ಎಂಬುದು ತಪ್ಪು. ಏಷ್ಯನ್ ಕಪ್‌ನಲ್ಲಿ ಭಾರತ ಮೊದಲ ಸಲ ಆಡುತ್ತಿದೆ ಎಂಬುದೂ ತಪ್ಪು. ಒಂದೇ ಸೀಟಿಗಾಗಿ ಐದು ತಂಡಗಳು ಹೋರಾಡಿದ ಗುಂಪಿನಲ್ಲಿ, ತಮಗಿಂತ 24 ಸ್ಥಾನ ಮೇಲಿದ್ದ ತಂಡವನ್ನು ಅದರದೇ ನೆಲದಲ್ಲಿ ಸೋಲಿಸಿ, ಅರ್ಹತಾ ಸುತ್ತಿನ ಮೂಲಕ ಮೊದಲ ಬಾರಿಗೆ ಏಷ್ಯನ್ ಕಪ್‌ಗೆ ಬಂದರು ಎಂಬುದು ನಿಜ. ಈ ನಿಜವೇ ಸಾಕಷ್ಟು ದೊಡ್ಡದು, ಇದಕ್ಕೆ ವಿಶ್ವಕಪ್‌ನ ಬಣ್ಣ ಬಳಿಯಬೇಕಿಲ್ಲ. ಹೆಮ್ಮೆಯಿಂದ ಫಾರ್ವರ್ಡ್ ಮಾಡಿ, ಆದರೆ ನಿಜವಾಗಿ ನಡೆದದ್ದನ್ನು ಮಾಡಿ.